ಓದುಗರ ಪ್ರಶ್ನೆ: ಟೈಪ್ ಮಾಡಿ ಆಡುವ ಬಹುಜನರ ಆಟ ಬರೆಯುವುದು ಹೇಗೆ?

ಚಿತ್ರವಿಲ್ಲದೆ, ಬರೀ ಪಠ್ಯದಲ್ಲಿ ಹಲವರು ಒಟ್ಟಿಗೆ ಆಡುವ ಆಟ (ಇದನ್ನು ‘ಮಡ್’ ಎನ್ನುತ್ತಾರೆ) ಬರೆಯಲು ಹೊರಟವರಿಂದ ಮೈಸೂರು, ಮಂಡ್ಯ ಕಡೆಯಿಂದ ಹಲವು ಪ್ರಶ್ನೆಗಳು ಬಂದಿವೆ. ಒಂದಕ್ಕೊಂದು ಹೊಂದುವಂಥವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬಿ.ಸಿ.ಎ. ಎರಡನೇ ವರ್ಷದಲ್ಲಿದ್ದೇನೆ. ಹತ್ತಿಪ್ಪತ್ತು ಜನ ಸೇರಿ ಆಡುವ ‘ಮಡ್’ ಆಟ ಬರೆಯುವ ಆಸೆ. ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ, ಆದರೆ ವೇಗಕ್ಕೆ ಸಿ++ ಬೇಕೇ ಬೇಕು ಅಂತ ಗೆಳೆಯರು ಹೇಳುತ್ತಾರೆ. ಇರುವುದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಎಲ್ಲಿಂದ ಶುರು ಮಾಡಲಿ? (ವಿದ್ಯಾರ್ಥಿ, ಮಂಡ್ಯ)

ಉತ್ತರ: ಇಪ್ಪತ್ತು ಜನ ಸೆಕೆಂಡಿಗೆ ಒಂದೊಂದು ಸಾಲು ಟೈಪ್ ಮಾಡಿದರೂ ನಿಮ್ಮ ಸರ್ವರ್‌ಗೆ ಬರುವುದು ಸೆಕೆಂಡಿಗೆ 20 ಸಾಲು. ಇದು ಪೈಥಾನ್‌ಗೆ ಲೆಕ್ಕಕ್ಕೇ ಇಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮೊದಲ ಮಡ್ ಓಡಿದ್ದು ಪಿಡಿಪಿ-10 ಯಂತ್ರದ ಮೇಲೆ. ನಿಮ್ಮ ಹಳೇ ಲ್ಯಾಪ್‌ಟಾಪ್ ಅದಕ್ಕಿಂತ ಎಷ್ಟೋ ಪಾಲು ಶಕ್ತಿಶಾಲಿ. ಬರುವ ಭಾಷೆಯಲ್ಲೇ ಬರೆಯಿರಿ. ಇಂಥ ಆಟಗಳು ಅರ್ಧಕ್ಕೆ ನಿಲ್ಲುವುದು ವೇಗ ಸಾಲದೆ ಅಲ್ಲ. ಕೋಣೆಯಿಂದ ಕೋಣೆಗೆ (ಆಟದ ಒಂದೊಂದು ಜಾಗಕ್ಕೂ ಕೋಣೆ ಎಂದೇ ಹೆಸರು) ನಡೆಯುವುದೇ ಇನ್ನೂ ಸರಿಯಾಗಿರುವುದಿಲ್ಲ, ಅಷ್ಟರಲ್ಲೇ ಕತ್ತಿವರಸೆ, ಮಂತ್ರ, ಮದ್ದಿನ ಲೆಕ್ಕಾಚಾರಕ್ಕೆ ಕೈ ಹಾಕಿರುತ್ತಾರೆ.

ಮೊದಲು ಕಳಿಸಿದ ಸಾಲನ್ನೇ ವಾಪಸ್ ಕೊಡುವ ಸರ್ವರ್ ಬರೆಯಿರಿ. ಪೈಥಾನ್‌ನ ಅಸಿಂಕ್‌ಐಒ ಮಾಡ್ಯೂಲ್‌ನಲ್ಲಿ ‘ಸ್ಟಾರ್ಟ್ ಸರ್ವರ್’ ಎಂಬ ಫಂಕ್ಷನ್ ಇದೆ. ಯಾರಾದರೂ ಸಂಪರ್ಕಿಸಿದಾಗ ಓದಲು ಒಂದು, ಬರೆಯಲು ಒಂದು ವಸ್ತುವನ್ನು ಅದು ನಿಮ್ಮ ಕೈಗೆ ಕೊಡುತ್ತದೆ. ಮೂವತ್ತು ಸಾಲಿನೊಳಗೆ ಈ ಹಂತ ಮುಗಿಯುತ್ತದೆ. ಪೋರ್ಟ್ (ಸಂಪರ್ಕ ಬರುವ ಬಾಗಿಲಿನ ಸಂಖ್ಯೆ) 4000 ಇಟ್ಟುಕೊಳ್ಳಿ. 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ಲಿನಕ್ಸ್‌ನಲ್ಲಿ ರೂಟ್ ಅನುಮತಿ ಬೇಕಾಗುತ್ತದೆ. ಆಮೇಲೆ ಒಬ್ಬರು ಬರೆದದ್ದು ಎಲ್ಲರಿಗೂ ಹೋಗುವ ಹಾಗೆ ಮಾಡಿ, ಅದು ಚಾಟ್ ಆಯಿತು. ಪ್ರತಿಯೊಬ್ಬರಿಗೂ ಹೆಸರು ಕೊಡಿ. ಎರಡೇ ಎರಡು ಕೋಣೆ ಮಾಡಿ, ಒಂದರಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳಿಸದಂತೆ ಮಾಡಿ. ಎತ್ತಿ ಇಡಬಹುದಾದ ಒಂದು ದೀಪ ಸೇರಿಸಿ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ದೀಪ ಬಿಟ್ಟಲ್ಲೇ ಇದ್ದರೆ ಆಟದ ಅಸ್ತಿಭಾರ ಬಿದ್ದಂತೆ. ಹೊಡೆದಾಟ ಏನಿದ್ದರೂ ಅದರ ಮೇಲಿನ ಮಾತು.

ಪರೀಕ್ಷೆಗೆ, ಸರ್ವರ್‌ಗೆ ಸಂಪರ್ಕಿಸಿ ಸಾಲು ಕಳಿಸುವ ಲಿನಕ್ಸ್‌ನ ‘ಎನ್‌ಸಿ’ ಆಜ್ಞೆ ಸಾಕು. ವಿಂಡೋಸ್‌ನಲ್ಲಿ ಅದೇ ಕೆಲಸದ ಟೆಲ್ನೆಟ್ ಮೊದಲೇ ಚಾಲೂ ಇರುವುದಿಲ್ಲ, ಇದ್ದರೂ ಕನ್ನಡಕ್ಕೆ ಒಗ್ಗುವುದಿಲ್ಲ. ಮಡ್‌ಲೆಟ್ ಎಂಬ ಉಚಿತ ಕ್ಲೈಂಟ್ ಹಾಕಿಕೊಂಡು, ಅದರ ಸೆಟ್ಟಿಂಗ್ಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿಸುವ ರೀತಿ) ಅನ್ನು ಯುಟಿಎಫ್-8 ಮಾಡಿ.

ಪ್ರಶ್ನೆ: ಚಾಟ್ ಸರ್ವರ್ ಬರೆದಿದ್ದೇನೆ. ಒಬ್ಬರಿದ್ದಾಗ ಸರಿ, ಇಬ್ಬರಾದರೆ ಮೊದಲನೆಯವರು ಟೈಪ್ ಮಾಡುವವರೆಗೆ ಎರಡನೆಯವರ ಪರದೆ ಅಲ್ಲಾಡುವುದಿಲ್ಲ. ಉದ್ದದ ಕನ್ನಡ ಸಾಲು ಕಳಿಸಿದರೆ ಒಮ್ಮೊಮ್ಮೆ ಡಿಕೋಡ್ ಎರರ್ ಬಂದು ಸರ್ವರ್ರೇ ಬೀಳುತ್ತದೆ. ಒಮ್ಮೊಮ್ಮೆ ಬರುವುದಿಲ್ಲ. (ಕುವೆಂಪುನಗರ, ಮೈಸೂರು)

ಉತ್ತರ: ನೀವು ಸಾಕೆಟ್‌ನ ‘ರಿಸೀವ್’ ಅನ್ನು ನೇರವಾಗಿ ಕರೆಯುತ್ತಿರಬೇಕು. ದತ್ತಾಂಶ ಬರುವವರೆಗೆ ಆ ಕರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಅಸಿಂಕ್‌ಐಒಗೆ ಬದಲಾಯಿಸಿದರೆ ಈ ತೊಂದರೆ ಹೋಗುತ್ತದೆ. ಆದರೆ ಅಲ್ಲೂ ಒಂದು ಎಚ್ಚರ ಬೇಕು: ಆಟದೊಳಗೆ ಕಾಯಿಸಬೇಕಾದಾಗ ಟೈಮ್ ಮಾಡ್ಯೂಲ್‌ನ ‘ಸ್ಲೀಪ್’ ಬಳಸಿದರೆ ಎಲ್ಲ ಆಟಗಾರರೂ ಒಟ್ಟಿಗೆ ಮಲಗುತ್ತಾರೆ. ಅಸಿಂಕ್‌ಐಒದ್ದೇ ಸ್ಲೀಪ್ ಬಳಸಿ, ಅದರ ಮುಂದೆ ‘ಅವೇಟ್’ ಇರಲಿ.

ಇನ್ನು ಡಿಕೋಡ್ ಎರರ್. ಟಿಸಿಪಿಯಲ್ಲಿ ದತ್ತಾಂಶ ಬರುವುದು ನಾಲೆಯಲ್ಲಿ ನೀರು ಬಂದಂತೆ. ಇದು ನಿಮ್ಮ ಸಾಲು, ಇದು ಅವರ ಸಾಲು ಎಂಬ ಗಡಿ ಅದಕ್ಕಿಲ್ಲ. 1024 ಬೈಟ್ ಕೊಡು ಎಂದರೆ ಒಂದೂವರೆ ಸಾಲು ಬರಬಹುದು, ಅರ್ಧ ಸಾಲೂ ಬರಬಹುದು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್. ‘ಮಂಡ್ಯ’ ಎಂಬ ಪದ ಕಣ್ಣಿಗೆ ಎರಡಕ್ಷರ. ಒಳಗೆ ಮ, ಸೊನ್ನೆ, ಡ, ವಿರಾಮ, ಯ ಎಂಬ 5 ಚಿಹ್ನೆ, ಅಂದರೆ 15 ಬೈಟ್. ತುಂಡು ಆ ಮೂರರ ನಡುವೆ ಬಿದ್ದರೆ ಡಿಕೋಡ್ ಸೋಲುತ್ತದೆ, ಅಂಚಿನಲ್ಲಿ ಬಿದ್ದರೆ ಪಾರಾಗುತ್ತದೆ. ಒಮ್ಮೊಮ್ಮೆ ಮಾತ್ರ ಕೆಡುವುದು ಇದಕ್ಕೇ.

ಬೈಟ್‌ಗಳನ್ನು ಬೈಟ್‌ಗಳಾಗಿಯೇ ಕೂಡಿಡಿ. ಸಾಲು ಮುರಿಯುವ ಬೈಟ್ 10 ಬಂದ ಮೇಲಷ್ಟೇ ಡಿಕೋಡ್ ಮಾಡಿ. ಕನ್ನಡ ಚಿಹ್ನೆಯ ಮೂರೂ ಬೈಟ್‌ಗಳು 128 ಅಥವಾ ಅದಕ್ಕಿಂತ ಹೆಚ್ಚಿನವು, ಹಾಗಾಗಿ 10 ಎಂಬ ಬೈಟ್ ಅಕ್ಷರದ ಮಧ್ಯೆ ಬರಲು ಸಾಧ್ಯವೇ ಇಲ್ಲ. ಅಸಿಂಕ್‌ಐಒದ ‘ರೀಡ್‌ಲೈನ್’ ಮಾಡುವುದೂ ಇದನ್ನೇ. ಅದು ಖಾಲಿ ಬೈಟ್ ಕೊಟ್ಟರೆ ಆಟಗಾರ ಹೊರಟುಹೋದ ಎಂದರ್ಥ. ಇದನ್ನು ಗಮನಿಸದಿದ್ದರೆ ಲೂಪ್ ಖಾಲಿ ಸುತ್ತಿ ಪ್ರೊಸೆಸರ್ ನೂರಕ್ಕೆ ನೂರು ಬಿಸಿಯಾಗುತ್ತದೆ. ಸಾಲು ಮುರಿಯದೆ 64 ಕಿಲೋಬೈಟ್ ದಾಟಿದರೆ ರೀಡ್‌ಲೈನ್ ವ್ಯಾಲ್ಯೂ ಎರರ್ ಎಸೆಯುತ್ತದೆ. ಅದನ್ನು ಹಿಡಿದು ಆ ಒಬ್ಬರನ್ನು ಮಾತ್ರ ಹೊರಗೆ ಕಳಿಸಿ.

ಟೆಲ್ನೆಟ್ ಕ್ಲೈಂಟ್‌ಗಳು ಸಾಲಿನ ಕೊನೆಗೆ 13, 10 ಎಂದು ಎರಡು ಬೈಟ್ ಕಳಿಸುತ್ತವೆ, ಎನ್‌ಸಿ ಬರೀ 10 ಕಳಿಸುತ್ತದೆ. ಎನ್‌ಸಿಯಲ್ಲಿ ‘ನೋಡು’ ಕೆಲಸ ಮಾಡಿ, ಟೆಲ್ನೆಟ್‌ನಲ್ಲಿ ‘ಆಜ್ಞೆ ತಿಳಿಯಲಿಲ್ಲ’ ಎಂದು ಬಂದರೆ ಬಾಲದಲ್ಲಿ ಆ 13 ಅಂಟಿಕೊಂಡಿದೆ ಅಂತಲೇ ತಿಳಿಯಿರಿ. ‘ಸ್ಟ್ರಿಪ್’ ಮಾಡಿದರೆ ಹೋಗುತ್ತದೆ.

ಎಲ್ಲರಿಗೂ ಮಾತು ಕಳಿಸುವಾಗ ಇನ್ನೊಂದು ಗುಂಡಿ ಇದೆ. ಪ್ರತಿಯೊಬ್ಬರಿಗೂ ಬರೆದು, ಕಳಿಸಲು ಕೂತ ದತ್ತಾಂಶ ಕರಗುವವರೆಗೆ ನಿಲ್ಲಿಸುವ ‘ಡ್ರೇನ್’ಗಾಗಿ ಕಾಯುತ್ತಾ ಹೋದರೆ, ನೆಟ್‌ವರ್ಕ್ ನಿಧಾನವಿರುವ ಒಬ್ಬರಿಂದ ಉಳಿದವರೆಲ್ಲ ಕಾಯಬೇಕಾಗುತ್ತದೆ. ಆ ಕಾಯುವ ಹೊತ್ತಿನಲ್ಲಿ ಯಾರಾದರೂ ಬಂದರೆ ಅಥವಾ ಹೋದರೆ ‘ಸುತ್ತುವಾಗಲೇ ಡಿಕ್ಷನರಿಯ ಗಾತ್ರ ಬದಲಾಯಿತು’ ಎಂಬ ಎರರ್ ಕೂಡ ಬರುತ್ತದೆ. ಪ್ರತಿ ಆಟಗಾರರಿಗೂ ಒಂದು ಸ್ವಂತ ಸರದಿ ಇಟ್ಟು, ಅದನ್ನು ಖಾಲಿ ಮಾಡುವ ಕೆಲಸವನ್ನು ಬೇರೆ ಟಾಸ್ಕ್‌ಗೆ ಕೊಡಿ. ಸರದಿಯಲ್ಲಿ 200 ಸಾಲು ಕೂತರೆ ಸಂಪರ್ಕ ಕಡಿಯಿರಿ. ಮೊಬೈಲ್ ಸಿಗ್ನಲ್ ಹೋದವರ ಸಂಪರ್ಕ ಸತ್ತಿರುವುದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ. ಸಂಪರ್ಕ ಜೀವಂತವಿದೆಯೇ ಎಂದು ವಿಚಾರಿಸುವ ಲಿನಕ್ಸ್‌ನ ಕೀಪ್‌ಅಲೈವ್ ಆನ್ ಮಾಡಿದರೂ ಮೊದಲ ವಿಚಾರಣೆಗೆ 7200 ಸೆಕೆಂಡು ಹಿಡಿಯುತ್ತದೆ. ಹತ್ತು ಹದಿನೈದು ನಿಮಿಷ ಏನೂ ಟೈಪ್ ಮಾಡದವರನ್ನು ನೀವೇ ಹೊರಗೆ ಹಾಕುವುದು ಸರಳ.

ಪ್ರಶ್ನೆ: ನಮ್ಮ ಮೈಸೂರನ್ನೇ ಆಟದ ನಕ್ಷೆ ಮಾಡಬೇಕೆಂದಿದ್ದೇವೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಒಂದೊಂದು ಕೋಣೆ ಮಾಡಬೇಕೆ? ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಹೇಗೆ? (ಶಿಕ್ಷಕಿ, ಸರಸ್ವತಿಪುರಂ)

ಉತ್ತರ: ಬೇಡ. ಸಾವಿರ ಸಲ ‘ಮೇಲೆ’ ಎಂದು ಟೈಪ್ ಮಾಡುವವರು ಯಾರೂ ಇಲ್ಲ. ಏನಾದರೂ ಮಾಡಲು, ನೋಡಲು, ಯಾರನ್ನಾದರೂ ಭೇಟಿಯಾಗಲು ಆಗುವ ಜಾಗ ಮಾತ್ರ ಕೋಣೆ. ಬೆಟ್ಟಕ್ಕೆ ಪಾದ, ನಡುವಿನ ಒಂದೆರಡು ತಂಗುದಾಣ, ನಂದಿ, ಮಹಿಷಾಸುರನ ಪ್ರತಿಮೆ, ದೇವಸ್ಥಾನದ ಮುಂಭಾಗ ಇಷ್ಟಾದರೆ ಧಾರಾಳ. ಕೆ.ಆರ್. ಸರ್ಕಲ್‌ನಿಂದ ಉತ್ತರಕ್ಕೆ ಸಯ್ಯಾಜಿರಾವ್ ರಸ್ತೆ, ಅಲ್ಲಿಂದ ಪಶ್ಚಿಮಕ್ಕೆ ದೇವರಾಜ ಮಾರುಕಟ್ಟೆ ಎಂದು ಶುರು ಮಾಡಿ, ಮೊದಲಿಗೆ 20 ಕೋಣೆ ದಾಟಬೇಡಿ. ವರ್ಣನೆ ನಾಲ್ಕು ಸಾಲಿಗೆ ಮುಗಿಯಲಿ. ಅದೇ ಕೋಣೆಗೆ ಹತ್ತನೇ ಸಲ ಬಂದವರಿಗೂ ಅದು ಪರದೆ ತುಂಬ ಬರುತ್ತದೆ ಎಂಬುದು ನೆನಪಿರಲಿ.

ಕೋಣೆಗಳನ್ನು ಕೋಡ್‌ನೊಳಗೆ ಬರೆಯದೆ ಜೇಸನ್ ಎಂಬ ಪಠ್ಯ ರೂಪದ ಕಡತದಲ್ಲಿಡಿ. ಪ್ರತಿ ಕೋಣೆಗೂ ಬದಲಾಗದ ಒಂದು ಗುರುತು, ತೋರಿಸುವ ಹೆಸರು, ವರ್ಣನೆ, ದಿಕ್ಕಿನಿಂದ ಗುರುತಿಗೆ ಹೋಗುವ ದಾರಿಗಳು. ತೋರಿಸುವ ಹೆಸರನ್ನೇ ಗುರುತಾಗಿ ಬಳಸಿದರೆ ಮುಂದೆ ಒಂದು ಕಾಗುಣಿತ ತಿದ್ದಿದ ದಿನ ಅರ್ಧ ದಾರಿಗಳು ಮುರಿಯುತ್ತವೆ. ಸರ್ವರ್ ಶುರುವಾಗುವಾಗಲೇ ಪರೀಕ್ಷೆ ಮಾಡಿಸಿ: ಪ್ರತಿ ದಾರಿಯ ಆಚೆ ತುದಿಯ ಕೋಣೆ ಇದೆಯೇ, ಉತ್ತರಕ್ಕೆ ಹೋದವರು ದಕ್ಷಿಣಕ್ಕೆ ತಿರುಗಿದರೆ ಹೊರಟಲ್ಲಿಗೇ ಬರುತ್ತಾರೆಯೇ, ಆರಂಭದ ಕೋಣೆಯಿಂದ ಎಲ್ಲ ಕೋಣೆಗೂ ತಲುಪಬಹುದೇ. ಬೇಕೆಂದೇ ಮಾಡಿದ ಒಮ್ಮುಖ ದಾರಿಗೆ ಪ್ರತ್ಯೇಕ ಗುರುತು ಹಾಕಿ, ಇಲ್ಲದಿದ್ದರೆ ಪ್ರತಿಸಲ ಸುಳ್ಳು ಎಚ್ಚರಿಕೆ ಬರುತ್ತದೆ.

ಶ್ರೀರಂಗಪಟ್ಟಣಕ್ಕೆ ಬಸ್ ಬಿಡಿ. ಬಸ್ಸೂ ಒಂದು ಕೋಣೆಯೇ, ಅದರ ‘ಹೊರಗೆ’ ಎಂಬ ದಾರಿ ಮಾತ್ರ ಬದಲಾಗುತ್ತಿರುತ್ತದೆ: 30 ಸೆಕೆಂಡು ಮೈಸೂರು ನಿಲ್ದಾಣಕ್ಕೆ, 40 ಸೆಕೆಂಡು ಯಾವುದಕ್ಕೂ ಇಲ್ಲ, ಆಮೇಲೆ ಶ್ರೀರಂಗಪಟ್ಟಣಕ್ಕೆ. ಒಳಗಿರುವವರು ಮಾತಾಡಿಕೊಳ್ಳಬಹುದು, ಸೀಟಿಗೆ ಜಗಳವೂ ಆಡಬಹುದು. ಬಹುಜನರ ಆಟಕ್ಕೆ ಇದಕ್ಕಿಂತ ಒಳ್ಳೆಯ ಕೋಣೆ ಸಿಗುವುದು ಕಷ್ಟ.

ಪ್ರಶ್ನೆ: ಆಜ್ಞೆಗಳು ಕನ್ನಡದಲ್ಲೇ ಇರಬೇಕು. ಇಂಗ್ಲಿಷ್ ಆಟಗಳ ಪಾರ್ಸರ್ (ಆಜ್ಞೆಯನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಭಾಗ) ಮಾದರಿಯಲ್ಲಿ ಬರೆದರೆ ಏನೂ ಹೊಂದುತ್ತಿಲ್ಲ. ‘ದೀಪವನ್ನು’ ಎಂದರೆ ದೀಪ ಸಿಗುವುದಿಲ್ಲ. ನೋಡಲು ಒಂದೇ ಥರ ಇರುವ ಎರಡು ಪದಗಳನ್ನು ಪೈಥಾನ್ ಬೇರೆ ಬೇರೆ ಅನ್ನುತ್ತದೆ. ‘ಗೀತಾ’ ಎಂಬ ಹೆಸರನ್ನು ನನ್ನ ಸರ್ವರ್ ತಿರಸ್ಕರಿಸುತ್ತದೆ, ‘ಕಮಲ’ವನ್ನು ಒಪ್ಪುತ್ತದೆ! (ಮದ್ದೂರು)

ಉತ್ತರ: ಕೊನೆಯದರಿಂದ ಶುರು ಮಾಡೋಣ. ಹೆಸರು ಪರೀಕ್ಷಿಸಲು ‘ಈಸ್‌ಆಲ್ಫಾ’ ಬಳಸಿದ್ದೀರಿ. ಅದು ಅಕ್ಷರ ಎಂದು ಒಪ್ಪುವುದು ಮೂಲ ವ್ಯಂಜನ ಮತ್ತು ಸ್ವರಗಳನ್ನು ಮಾತ್ರ. ಗುಣಿತದ ಚಿಹ್ನೆ, ವಿರಾಮ, ಸೊನ್ನೆ ಇವು ಯೂನಿಕೋಡ್ ಲೆಕ್ಕದಲ್ಲಿ ‘ಗುರುತು’ಗಳು. ‘ಕಮಲ’ದಲ್ಲಿ ಗುಣಿತವಿಲ್ಲ, ಪಾಸಾಯಿತು. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಪದದ ಅಕ್ಷರವನ್ನು ಹಿಡಿಯುವ ಚಿಹ್ನೆಗೂ ಇದೇ ರೋಗ. ಬದಲಿಗೆ ಪ್ರತಿ ಚಿಹ್ನೆಯ ಸಂಖ್ಯೆ 3200ರಿಂದ 3327ರ ಒಳಗಿದೆಯೇ ನೋಡಿ; ಕನ್ನಡದ ಯೂನಿಕೋಡ್ ಪಟ್ಟಿ ಅದೇ. ಹೆಸರಲ್ಲಿ ಅಂಕಿ ಬೇಡವಾದರೆ 3302ರಿಂದ 3311ನ್ನು ಬಿಡಿ. ಪ್ರಮಾಣ ಕೇಳುವ ಕಡೆ ಕನ್ನಡ ಅಂಕಿ ಬಂದರೆ ಹೆದರಬೇಡಿ, ಪೈಥಾನ್‌ನ ‘ಇಂಟ್’ಗೆ ೧೨ ಕೊಟ್ಟರೂ 12 ಎಂದೇ ಓದುತ್ತದೆ.

ಒಂದೇ ಥರ ಕಂಡು ಬೇರೆಯಾಗುವುದಕ್ಕೆ ಎರಡು ಕಾರಣ. ‘ಕೊ’ ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ‘ನಾರ್ಮಲೈಸ್’ಗೆ ‘ಎನ್‌ಎಫ್‌ಸಿ’ ಎಂದು ಹೇಳಿ ಕೊಟ್ಟರೆ ಎರಡೂ ಒಂದಾಗುತ್ತವೆ. ಇನ್ನೊಂದು, ಕಣ್ಣಿಗೆ ಕಾಣದ ಜೋಡಕಗಳು. ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್‌ಗಳು ಹಾಕುವ ಸಂಖ್ಯೆ 8204ರ ಚಿಹ್ನೆ, ಅದರ ಜೊತೆಯ 8205. ಹೋಲಿಸುವ ಮುನ್ನ ಎರಡನ್ನೂ ತೆಗೆದುಹಾಕಿ, ಪರದೆಗೆ ತೋರಿಸುವ ಪಠ್ಯದಲ್ಲಿ ಮಾತ್ರ ಹಾಗೇ ಬಿಡಿ. ಆಟದ ಕಡತದಲ್ಲಿರುವ ಪದಗಳಿಗೂ ಇದೇ ಶುದ್ಧೀಕರಣ ಆಗಬೇಕು, ಬರೀ ಆಟಗಾರರ ಸಾಲಿಗಲ್ಲ.

ಈಗ ಪಾರ್ಸರ್. ಇಂಗ್ಲಿಷ್ ಆಜ್ಞೆಯಲ್ಲಿ ಮೊದಲ ಪದ ಕ್ರಿಯೆ, ಕನ್ನಡದಲ್ಲಿ ಕೊನೆಯದು: ‘ದೀಪ ತಗೋ’, ‘ಉತ್ತರಕ್ಕೆ ಹೋಗು’. ಆದ್ದರಿಂದ ಕೊನೆಯ ಪದವನ್ನು ಕ್ರಿಯೆಗಳ ಕೋಷ್ಟಕದಲ್ಲಿ ಹುಡುಕಿ. ‘ತೆಗೆದುಕೋ, ತಗೋ, ತಕೋ, ಎತ್ತಿಕೋ, ಎತ್ಕೋ’ ಎಲ್ಲವೂ ಒಳಗಿನ ಒಂದೇ ಕ್ರಿಯೆಗೆ ಸೇರಲಿ. ಮಂಡ್ಯದ ಕಡೆ ಮಾತಾಡುವ ಹಾಗೆಯೇ ಟೈಪ್ ಮಾಡುವವರು ಬರುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರೂ ಬರುತ್ತಾರೆ. ಅವರ ಕಾಗುಣಿತಗಳೂ ಅದೇ ಕೋಷ್ಟಕಕ್ಕೆ ಹೋಗಲಿ. ಅರ್ಥವಾಗದ ಪ್ರತಿ ಸಾಲನ್ನೂ ಒಂದು ಕಡತಕ್ಕೆ ಬರೆದಿಡಿ. ಕೋಷ್ಟಕ ಬೆಳೆಸಲು ಅದಕ್ಕಿಂತ ಒಳ್ಳೆಯ ಮೂಲವಿಲ್ಲ.

ವಿಭಕ್ತಿ ಪ್ರತ್ಯಯವನ್ನು ಕತ್ತರಿಸಿ ಮೂಲಪದ ಹುಡುಕುವ ದಾರಿಗೆ ಹೋಗಬೇಡಿ. ‘ಗೆ’ ಕತ್ತರಿಸಿದರೆ ‘ಬುಟ್ಟಿಗೆ’ ಸರಿಯಾಗಿ ‘ಬುಟ್ಟಿ’ ಆಗುತ್ತದೆ, ‘ಪೆಟ್ಟಿಗೆ’ ಮಾತ್ರ ‘ಪೆಟ್ಟಿ’ ಆಗಿ ಕಳೆದುಹೋಗುತ್ತದೆ. ‘ಚೊಂಬನ್ನು’ ಎಂಬುದರಿಂದ ‘ಅನ್ನು’ ತೆಗೆದರೆ ‘ಚೊಂಬು’ವಿನ ಉಕಾರ ಎಲ್ಲಿಂದ ತರುತ್ತೀರಿ? ಉಲ್ಟಾ ಮಾಡಿ: ಪ್ರತಿ ವಸ್ತುವಿಗೂ ಬೇಕಾದ ರೂಪಗಳನ್ನು ಮೊದಲೇ ಬರೆದಿಡಿ. ದೀಪ, ದೀಪವನ್ನು, ದೀಪಕ್ಕೆ, ದೀಪದಿಂದ, ದೀಪದಲ್ಲಿ, ಜೊತೆಗೆ ಆಡುಮಾತಿನ ‘ದೀಪಾನ’. ನಲವತ್ತು ವಸ್ತುವಿಗೆ 240 ರೂಪ, ಒಂದು ಸಂಜೆಯ ಕೆಲಸ. ಆ ಡಿಕ್ಷನರಿಯಲ್ಲಿ ಹುಡುಕಿದರೆ ವಸ್ತು ಯಾವುದು, ವಿಭಕ್ತಿ ಯಾವುದು ಎರಡೂ ಒಂದೇ ಏಟಿಗೆ ಸಿಗುತ್ತವೆ. ‘ದೀಪ ಬುಟ್ಟಿಗೆ ಹಾಕು’ ಎಂದರೂ ‘ಬುಟ್ಟಿಗೆ ದೀಪ ಹಾಕು’ ಎಂದರೂ ಯಾವುದನ್ನು ಯಾವುದರೊಳಗೆ ಎಂಬುದು ವಿಭಕ್ತಿಯಿಂದಲೇ ತಿಳಿಯುತ್ತದೆ, ಪದಗಳ ಕ್ರಮ ನೋಡಬೇಕಾಗಿಯೇ ಇಲ್ಲ. ಇಂಗ್ಲಿಷ್ ಪಾರ್ಸರ್ ಬರೆಯುವವರಿಗೆ ಈ ಅನುಕೂಲವಿಲ್ಲ.

‘ಬೀಗದ ಕೈ’ಯಂಥ ಎರಡು ಪದದ ಹೆಸರಿದ್ದರೆ ಉದ್ದದ ಹೆಸರನ್ನು ಮೊದಲು ಹೊಂದಿಸಿ ನೋಡಿ. ಗೆರೆ ಎಳೆದು ಚೌಕ, ಕೋಷ್ಟಕ ಮಾಡುವ ಆಸೆ ಬಿಡಿ. ಕನ್ನಡ ಅಕ್ಷರಗಳ ಅಗಲ ಒಂದೇ ಇರುವುದಿಲ್ಲ, ಪದದ ಉದ್ದ ಹೇಳುವ ‘ಲೆನ್’ ಕೊಡುವ ಸಂಖ್ಯೆಗೂ ಪರದೆಯ ಅಗಲಕ್ಕೂ ಸಂಬಂಧವಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಬ್ರೌಸರ್‌ಗಳು ಅದನ್ನು ಸರಿಯಾಗಿ ಜೋಡಿಸುವುದರಿಂದ, ಕನ್ನಡದ ಆಟಕ್ಕೆ ಮುಂದೆ ವೆಬ್‌ಸಾಕೆಟ್ (ಬ್ರೌಸರ್‌ನಿಂದಲೇ ಸರ್ವರ್‌ಗೆ ಸಂಪರ್ಕ ಇಡುವ ವಿಧಾನ) ಸೇರಿಸುವುದೇ ಮೇಲು.

ಪ್ರಶ್ನೆ: ಒಂದೇ ಕತ್ತಿ ಇಬ್ಬರ ಚೀಲದಲ್ಲಿ ಕಾಣಿಸುತ್ತದೆ. ಪ್ರತಿ ಆಟಗಾರರ ವಿವರವನ್ನು ಬೇರೆ ಬೇರೆ ಕಡತದಲ್ಲಿ ಉಳಿಸುತ್ತೇನೆ. (ಪಾಂಡವಪುರ)

ಉತ್ತರ: ಕೊಟ್ಟವರ ಕಡತ ಹಳೆಯದು, ಪಡೆದವರದ್ದು ಹೊಸದು, ನಡುವೆ ಸರ್ವರ್ ಬಿದ್ದಿದೆ. ಚೀಲದ ಪಟ್ಟಿಯನ್ನು ಆಟಗಾರರ ಬಳಿ ಇಡುವ ಪದ್ಧತಿಯೇ ಇದರ ಮೂಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ವಸ್ತುಗಳದ್ದೇ ಒಂದು ಟೇಬಲ್ ಮಾಡಿ, ಪ್ರತಿ ವಸ್ತುವಿಗೂ ಒಂದೇ ಸಾಲು, ಅದರಲ್ಲಿ ‘ಎಲ್ಲಿದೆ’ ಎಂಬ ಒಂದೇ ಕಾಲಂ. ಕೋಣೆಯ ಗುರುತು ಅಥವಾ ಆಟಗಾರರ ಗುರುತು ಅಲ್ಲಿರುತ್ತದೆ. ಒಂದು ವಸ್ತು ಎರಡು ಕಡೆ ಇರಲು ಆಗ ಜಾಗವೇ ಇಲ್ಲ. ಕತ್ತಿ ಕೊಟ್ಟು ಹಣ ಪಡೆಯುವಂಥ ಎರಡು ಬದಲಾವಣೆಗಳನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ, ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ.

ಕೋಡ್‌ನಲ್ಲೂ ಒಂದು ಬಿರುಕು ಇರಬಹುದು. ‘ಕತ್ತಿ ಇಲ್ಲಿದೆಯೇ’ ಎಂದು ನೋಡುವುದಕ್ಕೂ ಅದನ್ನು ಎತ್ತುವುದಕ್ಕೂ ನಡುವೆ ‘ಅವೇಟ್’ ಇದ್ದರೆ, ಆ ಹೊತ್ತಿನಲ್ಲಿ ಇನ್ನೊಬ್ಬರು ಎತ್ತಿಕೊಂಡಿರುತ್ತಾರೆ. ನೋಡಿ, ಎತ್ತಿ, ಆಮೇಲೆ ಸಂದೇಶ ಕಳಿಸಿ. ಥ್ರೆಡ್ (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಎಳೆಗಳು) ಬಳಸಿದರೆ ಇಂಥ ಬಿರುಕು ಎಲ್ಲಿ ಬೇಕಾದರೂ ಬಾಯಿ ಬಿಡುತ್ತದೆ. ಹೊಸಬರಿಗೆ ಥ್ರೆಡ್ ಬೇಡ ಎನ್ನುವುದು ಅದಕ್ಕೇ.

ಪ್ರಶ್ನೆ: ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯಲ್ಲಿ ಕಾಣುತ್ತದೆ. ಮುಚ್ಚುವುದು ಹೇಗೆ? (ನಂಜನಗೂಡು ರಸ್ತೆ, ಮೈಸೂರು)

ಉತ್ತರ: ಪಾಸ್‌ವರ್ಡ್ ಕೇಳುವ ಮುನ್ನ 255, 251, 1 ಎಂಬ ಮೂರು ಬೈಟ್ ಕಳಿಸಿ, ಪ್ರತಿಧ್ವನಿ ನನ್ನ ಜವಾಬ್ದಾರಿ ಎಂದು ಸರ್ವರ್ ಹೇಳಿದಂತೆ, ಕ್ಲೈಂಟ್ ತೋರಿಸುವುದನ್ನು ನಿಲ್ಲಿಸುತ್ತದೆ. ಪಾಸ್‌ವರ್ಡ್ ಬಂದ ಮೇಲೆ 255, 252, 1 ಕಳಿಸಿದರೆ ಮತ್ತೆ ತೋರಿಸುತ್ತದೆ. ಮೊದಲು ಕಳಿಸಿದ ಮೂರಕ್ಕೆ ಕ್ಲೈಂಟ್ 255, 253, 1 ಎಂದು ಉತ್ತರಿಸುತ್ತದೆ, ಅದು ಮುಂದಿನ ಸಾಲಿನ ತಲೆಗೆ ಅಂಟಿಕೊಂಡು ಬಂದು ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ. ಯುಟಿಎಫ್-8ರಲ್ಲಿ 255 ಎಂಬ ಬೈಟ್ ಎಂದೂ ಬರುವುದಿಲ್ಲ. ಆದ್ದರಿಂದ 255 ಕಂಡು, ಅದರ ಮುಂದೆ 251ರಿಂದ 254ರೊಳಗಿನ ಬೈಟ್ ಇದ್ದರೆ ಆ ಮೂರನ್ನೂ ತೆಗೆಯಿರಿ. 255, 250 ಎಂದು ಶುರುವಾದರೆ 255, 240 ಬರುವವರೆಗೆ ಎಲ್ಲವನ್ನೂ ತೆಗೆಯಿರಿ. ಪಾಸ್‌ವರ್ಡ್ ಉಳಿಸುವಾಗ 16 ಬೈಟ್ ಯಾದೃಚ್ಛಿಕ ‘ಉಪ್ಪು’ (ಪ್ರತಿಯೊಬ್ಬರಿಗೂ ಬೇರೆ ಬೇರೆ ಬೈಟ್‌ಗಳು) ಬೆರೆಸಿ ಹ್ಯಾಶ್‌ಲಿಬ್‌ನ ‘ಎಸ್‌ಕ್ರಿಪ್ಟ್’ ಬಳಸಿ. ಟೆಲ್ನೆಟ್‌ನಲ್ಲಿ ಎಲ್ಲವೂ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಹಾಗಾಗಿ ಇಮೇಲ್ ಅಥವಾ ಬ್ಯಾಂಕಿನ ಪಾಸ್‌ವರ್ಡನ್ನೇ ಇಲ್ಲಿ ಹಾಕಬೇಡಿ ಎಂದು ಲಾಗಿನ್ ಪರದೆಯಲ್ಲೇ ಬರೆಯಿರಿ.

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ಆಟ ನಡೆಯುತ್ತದೆ. ಊರಿನಲ್ಲಿರುವ ತಮ್ಮನಿಗೆ ಸಂಪರ್ಕ ಸಿಗುವುದಿಲ್ಲ. (ವಿಜಯನಗರ, ಮೈಸೂರು)

ಉತ್ತರ: ಸರ್ವರ್ 127.0.0.1ರಲ್ಲಿ ಕೂತಿದ್ದರೆ ನಿಮ್ಮ ಯಂತ್ರ ಬಿಟ್ಟು ಯಾರಿಗೂ ಕಾಣದು. 0.0.0.0 ಮಾಡಿ, ಫೈರ್‌ವಾಲ್‌ನಲ್ಲಿ 4000 ತೆರೆಯಿರಿ, ಮೊದಲು ಅದೇ ವೈಫೈನ ಇನ್ನೊಂದು ಫೋನಿನಿಂದ ನೋಡಿ. ಆಮೇಲೆ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್. ಅದಾದರೂ ಆಗದಿದ್ದರೆ ರೌಟರ್‌ನ ಹೊರ ವಿಳಾಸ ನೋಡಿ: 10ರಿಂದ, ಅಥವಾ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ನಿಮ್ಮಂಥ ಅನೇಕರಿಗೆ ಹಂಚಿದ್ದಾರೆ. ಆಗ ಫಾರ್ವರ್ಡಿಂಗ್ ಮಾಡಿ ಪ್ರಯೋಜನವಿಲ್ಲ. ಬಾಡಿಗೆಗೆ ಸಿಗುವ ಅತಿ ಚಿಕ್ಕ ಲಿನಕ್ಸ್ ಸರ್ವರ್ ತೆಗೆದುಕೊಳ್ಳಿ, 1 ಜಿಬಿ ಮೆಮೊರಿ ಧಾರಾಳ. ಬರೀ ಮನೆಯವರಿಗಾದರೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲವೂ ನಡೆಯುತ್ತದೆ.

ಪ್ರಶ್ನೆ: ಇಷ್ಟೆಲ್ಲ ಬರೆಯುವ ಬದಲು ಸಿದ್ಧ ಎಂಜಿನ್ ಬಳಸಬಾರದೇ? (ಶ್ರೀರಂಗಪಟ್ಟಣ)

ಉತ್ತರ: ಬಳಸಬಹುದು. ಎವೆನಿಯಾ ಪೈಥಾನ್‌ನಲ್ಲೇ ಇದೆ, ಉಚಿತ. ಜ್ಯಾಂಗೋ, ಟ್ವಿಸ್ಟೆಡ್ ಮೇಲೆ ಕಟ್ಟಿದ್ದು. ಪಿಪ್‌ನಿಂದ ಹಾಕಿಕೊಂಡು ಇನಿಟ್, ಮೈಗ್ರೇಟ್, ಸ್ಟಾರ್ಟ್ ಎಂಬ ಮೂರು ಆಜ್ಞೆ ಕೊಟ್ಟರೆ 4000ರಲ್ಲಿ ಟೆಲ್ನೆಟ್, 4001ರಲ್ಲಿ ಬ್ರೌಸರ್ ತೆರೆಯುತ್ತವೆ. ಲಾಗಿನ್, ಉಳಿಸುವಿಕೆ, ವೆಬ್ ಕ್ಲೈಂಟ್ ಎಲ್ಲ ಸಿದ್ಧ. ಆದರೆ ಅದರ ಪಾರ್ಸರ್ ಕ್ರಿಯೆಯನ್ನು ಸಾಲಿನ ಮೊದಲಲ್ಲಿ ಹುಡುಕುತ್ತದೆ. ಮದ್ದೂರಿನ ಓದುಗರಿಗೆ ಹೇಳಿದ ಕನ್ನಡ ಪಾರ್ಸರನ್ನು ಬರೆದು, ಸೆಟ್ಟಿಂಗ್ಸ್‌ನ ‘ಕಮಾಂಡ್ ಪಾರ್ಸರ್’ ಅಂಶದಲ್ಲಿ ಅದರ ಹೆಸರು ಕೊಡಬೇಕು. ಆಟವೇ ಗುರಿಯಾದರೆ ಎವೆನಿಯಾ, ಕಲಿಯುವುದು ಗುರಿಯಾದರೆ ಸ್ವಂತದ್ದು.

ಪ್ರಶ್ನೆ: ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಮೇಲೆ ಇಪ್ಪತ್ನಾಲ್ಕು ಗಂಟೆ ಓಡಿಸಬಹುದೇ? ನಮ್ಮಲ್ಲಿ ಕರೆಂಟ್ ಹೋಗುತ್ತಿರುತ್ತದೆ. (ಮಳವಳ್ಳಿ)

ಉತ್ತರ: ಆಟಕ್ಕೆ ಪೈ ಸಾಕು, ಅದರ ಎಸ್‌ಡಿ ಕಾರ್ಡ್ ಕರೆಂಟ್ ಹೋಗುವುದನ್ನು ಸಹಿಸದು. ಬರೆಯುತ್ತಿರುವಾಗ ನಿಂತರೆ ಕಡತ ವ್ಯವಸ್ಥೆಯೇ ಕೆಡಬಹುದು. ಡೇಟಾಬೇಸನ್ನು ಯುಎಸ್‌ಬಿ ಎಸ್‌ಎಸ್‌ಡಿಗೆ ಸರಿಸಿ, ರೌಟರ್‌ಗೆ ಹಾಕುವಂಥ ಚಿಕ್ಕ ಯುಪಿಎಸ್ ಕೊಳ್ಳುವಾಗ ನಿಮ್ಮ ಪೈಗೆ ಬೇಕಾದ 5 ವೋಲ್ಟ್, ಅದಕ್ಕೆ ತಕ್ಕ ಆಂಪಿಯರ್ ಕೊಡುತ್ತದೆಯೇ ನೋಡಿ. ಪ್ರತಿ ಹೆಜ್ಜೆಗೂ ಡಿಸ್ಕಿಗೆ ಬರೆಯದೆ, ಎಲ್ಲಿ ನಿಂತಿದ್ದಾರೆ ಎಂಬುದನ್ನು 60 ಸೆಕೆಂಡಿಗೊಮ್ಮೆ, ವಸ್ತು ಕೈ ಬದಲಾದಾಗ ಮಾತ್ರ ಆಗಲೇ ಉಳಿಸಿ. ಬ್ಯಾಕಪ್‌ಗೆ ಓಡುತ್ತಿರುವ ಡೇಟಾಬೇಸ್ ಕಡತವನ್ನು ಸುಮ್ಮನೆ ಕಾಪಿ ಮಾಡಬೇಡಿ, ಅರ್ಧ ಬರೆದ ಸ್ಥಿತಿ ಕಾಪಿಯಾಗುತ್ತದೆ. ಎಸ್‌ಕ್ಯೂಲೈಟ್‌ನದ್ದೇ ‘ಬ್ಯಾಕಪ್’ ಆಜ್ಞೆ ಇದೆ, ನಿಗದಿತ ಹೊತ್ತಿಗೆ ಆಜ್ಞೆ ನಡೆಸುವ ಕ್ರಾನ್‌ಗೆ ಅದನ್ನು ರಾತ್ರಿಗೊಮ್ಮೆ ಹಾಕಿ. ಕಾಪಿ ಬೇರೆ ಯಂತ್ರಕ್ಕೆ ಹೋಗುವಂತೆ ನೋಡಿಕೊಳ್ಳಿ, ವಾರಕ್ಕೊಮ್ಮೆ ಅದರಿಂದಲೇ ಆಟ ಶುರು ಮಾಡಿ ಪರೀಕ್ಷಿಸಿ.